ಸಾವಿರ ಪದಗಳ ಜಪಾನಿ

68ನೆಯ ವಯಸ್ಸಿನಲ್ಲಿ ಹೊಸ ಭಾಷೆಯೊಂದಕ್ಕೆ ಅಕ್ಷರಾಭ್ಯಾಸ ಮಾಡಿಕೊಳ್ಳಹೊರಟವನನ್ನು ಕಂಡು ನೆರೆಹೊರೆಯವರು ನಕ್ಕರೆ ನಾನು ಅವರನ್ನು ದೂರಲಾರೆ. ಸಹಸ್ರನಾಮ ಹೇಳಿಕೊಳ್ಳಬೇಕಾದ ಹೊತ್ತಿನಲ್ಲಿ ಈ ಮನುಷ್ಯ ವರಾಂಡದಲ್ಲಿ ಕುಳಿತು ‘ಕೊರೆ, ಸೊರೆ, ಅರೆ’ ಎಂದು ಜಪಿಸುತ್ತಿದ್ದರೆ ಯಾರಿಗೆ ತಾನೆ ನಗು ಬಾರದು? ನನ್ನಾಕೆಯಂತೂ ಮೊದಲ ದಿನ ಇದು ಸೋರೆಕಾಯಿಯ ಪಲ್ಯಕ್ಕೆ ಸಂಬಂಧಪಟ್ಟ ಸಂಗತಿಯೆಂದೇ ತಿಳಿದಿದ್ದಳು. ಜಪಾನಿಯಲ್ಲಿ ಅದಕ್ಕೆ ‘ಇದು, ಅದು, ಅಗೋ ಅದು’ ಎಂದು ಅರ್ಥ.

ಕಲಿಯುವುದಕ್ಕೆ ಕಾರಣವಿತ್ತು. ನಮ್ಮ ಮಗ ಇರುವುದು ನಗೋಯಾ ನಗರದಲ್ಲಿ. ಸೊಸೆ ಆ ಸೀಮೆಯವಳೇ. ಬೀಗರ ಮನೆ ಅಲ್ಲಿಂದ ಉತ್ತರಕ್ಕೆ, ಗಿಫು ಪ್ರಾಂತದ ಒಂದು ಸಣ್ಣ ಊರು. ಮದುವೆಯಾಗಿ ಆರು ವರ್ಷ ಕಳೆದಿದ್ದರೂ ಅವರಿಗೂ ನಮಗೂ ಇದ್ದ ಸಂಭಾಷಣೆಯೆಂದರೆ ಫೋನಿನ ಪರದೆಯಲ್ಲಿ ಆ ಕಡೆಯಿಂದ ಎರಡು ತಲೆ ಬಾಗುವುದು, ಈ ಕಡೆಯಿಂದ ನಾಲ್ಕು ಕೈ ಮುಗಿಯುವುದು, ನಡುವೆ ಮಗ ತನಗೆ ತೋಚಿದಂತೆ ಅನುವಾದ ಮಾಡುವುದು. ನಾಲ್ಕು ವರ್ಷದ ಮೊಮ್ಮಗಳು ಎರಡು ಭಾಷೆಯನ್ನೂ ಬಲ್ಲಳು. ಆದರೆ ಅವಳಿಗೆ ದುಭಾಷಿಯ ಕೆಲಸಕ್ಕೆ ಬೇಕಾದ ತಾಳ್ಮೆಯಿಲ್ಲ. ನನ್ನ ಆಸೆಯನ್ನು ತಿಳಿಸಿದಾಗ ಮಗ ಹೇಳಿದ: “ಇಡೀ ಭಾಷೆ ಯಾತಕ್ಕಪ್ಪ? ಜನ ಜಾಸ್ತಿ ಬಳಸೋ ಸಾವಿರ ಪದ ಕಲಿತರೆ ಸಾಕು, ಮುಕ್ಕಾಲು ಪಾಲು ಅರ್ಥವಾಗತ್ತೆ.” ಮರುದಿನವೇ ಪಟ್ಟಿಯೂ ಬಂತು. ಪದಗಳು ಬಳಕೆಯ ಎಣಿಕೆಯಂತೆ ಒಂದರಿಂದ ಸಾವಿರದವರೆಗೆ ಸಾಲಾಗಿ ನಿಂತಿದ್ದವು.

ನಾನು ಮೂವತ್ತನಾಲ್ಕು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ಕೂದಲು ನರೆಸಿಕೊಂಡವನು. ಅಂಥವನಿಗೆ ಈ ಪಟ್ಟಿಗಿಂತ ಹಿತವಾದ ವಸ್ತು ಮತ್ತೊಂದಿರಲಾರದು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಪದ ಬರೆದುಕೊಂಡೆ. ದಿನಕ್ಕೆ ಹತ್ತು, ನೂರು ದಿನಕ್ಕೆ ಸಾವಿರ. ಯಾರದೋ ಚಿರಂಜೀವಿ ಸೌಭಾಗ್ಯವತಿಯ ಬೆನ್ನಮೇಲೆ ಜಪಾನಿನ ಕ್ರಿಯಾಪದಗಳು ಏರಿ ಕುಳಿತವು.

ಮಾತುಗಳನ್ನು ಎಣಿಸುವ ಈ ಹುಚ್ಚು ಹೊಸದಲ್ಲ. ಜರ್ಮನಿಯ ಕೇಡಿಂಗ್ ಎಂಬಾತ ಶೀಘ್ರಲಿಪಿಯ ಸುಧಾರಣೆಗಾಗಿ ಬಹು ಜನ ಸಹಾಯಕರನ್ನು ಕೂಡಿಸಿಕೊಂಡು ಸುಮಾರು 1 ಕೋಟಿ 10 ಲಕ್ಷ ಪದಗಳನ್ನು ಎಣಿಸಿ, 1898ರಲ್ಲಿ ಪುಸ್ತಕ ಮಾಡಿದ. ಯಂತ್ರವಿಲ್ಲದ ಕಾಲ, ಎಲ್ಲವೂ ಕಣ್ಣು ಬೆರಳುಗಳ ಕೆಲಸ. ಮುಂದೆ ಹಾರ್ವರ್ಡಿನ ಅಧ್ಯಾಪಕ ಜಿಫ್ ಒಂದು ವಿಚಿತ್ರ ನಿಯಮವನ್ನು ಪ್ರಸಿದ್ಧಪಡಿಸಿದ. ಅತಿ ಹೆಚ್ಚು ಬಳಕೆಯ ಪದ ಎಷ್ಟು ಸಲ ಬರುತ್ತದೆಯೋ ಎರಡನೆಯದು ಅದರ ಅರ್ಧ, ಮೂರನೆಯದು ಅದರ ಮೂರರಲ್ಲೊಂದು ಪಾಲು, ಹೆಚ್ಚುಕಡಮೆ ಹೀಗೆಯೇ ಇಳಿಯುತ್ತ ಹೋಗುತ್ತದಂತೆ. ಮೇಲಿನ ಕೆಲವೇ ಪದಗಳು ಇಡೀ ಭಾಷೆಯ ಮೂಟೆಯನ್ನು ಹೊತ್ತಿರುತ್ತವೆ. ಕೆಳಗಿನ ಅಸಂಖ್ಯಾತ ಪದಗಳು ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವ ನೆಂಟರು. 1949ರ ತನ್ನ ಗ್ರಂಥದಲ್ಲಿ ಜಿಫ್ ಇದಕ್ಕೆ ಕೊಟ್ಟ ಕಾರಣವೆಂದರೆ ಮನುಷ್ಯನಿಗೆ ಶ್ರಮವನ್ನು ಉಳಿಸಿಕೊಳ್ಳುವ ಆಸೆ. ಆಗ ಅದನ್ನು ಓದಿ ತಲೆದೂಗಿದೆ. ಈಗ ಆ ಮಾತು ಬೇರೆಯಾಗಿ ಕೇಳಿಸುತ್ತದೆ.

ಜಪಾನಿಯರೂ ಎಣಿಕೆಯಲ್ಲಿ ಹಿಂದೆ ಬಿದ್ದವರಲ್ಲ. ಅವರ ರಾಷ್ಟ್ರೀಯ ಭಾಷಾ ಸಂಶೋಧನ ಸಂಸ್ಥೆ 1948ರಲ್ಲಿ ಹುಟ್ಟಿತು. 1956ರಲ್ಲಿ ಪ್ರಕಟವಾದ 90 ನಿಯತಕಾಲಿಕಗಳನ್ನು ಆರಿಸಿಕೊಂಡು ಅವುಗಳ ಪದಗಳನ್ನು ಎಣಿಸಿದರು. 2011ರ ಹೊತ್ತಿಗೆ ಸುಮಾರು 10 ಕೋಟಿ ಪದಗಳ ಭಂಡಾರವನ್ನೇ ಸಿದ್ಧಪಡಿಸಿದರು. ಆ ಮೊದಲ ಎಣಿಕೆಯಲ್ಲಿ ಕಂಡ ಸಂಗತಿಯೊಂದು ನನ್ನ ಮಗನ ಮುಕ್ಕಾಲು ಪಾಲನ್ನು ಕತ್ತರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿಯೋ ಫ್ರೆಂಚಿನಲ್ಲಿಯೋ ಸಾವಿರ ಪದ ಬಲ್ಲವನಿಗೆ ಬರಹದ ನೂರಕ್ಕೆ 80ರಷ್ಟು ಪರಿಚಿತವಾಗುತ್ತದೆ. ಜಪಾನಿಯಲ್ಲಿ ನೂರಕ್ಕೆ 60ರಷ್ಟು ಮಾತ್ರ. ಅವರ ಮನೆಯಲ್ಲಿ ಪದಗಳ ಮೂರು ಒಕ್ಕಲುಗಳಿವೆ: ಸ್ವಂತದ್ದು, ಚೀಣದಿಂದ ಬಂದದ್ದು, ಪಶ್ಚಿಮದಿಂದ ಬಂದದ್ದು. ನೀರು, ಜಲ, ವಾಟರು ಮೂರನ್ನೂ ಇಟ್ಟುಕೊಂಡಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಟ್ಟಿಯ ಇನ್ನೊಂದು ದೋಷವನ್ನು ಕಂಡುಹಿಡಿದದ್ದು ನಾನಲ್ಲ. ನನ್ನ ಪಟ್ಟಿ ಹೆಚ್ಚಾಗಿ ವೃತ್ತಪತ್ರಿಕೆಗಳಿಂದ ಆಯ್ದದ್ದು. ಅದರಲ್ಲಿ ಸರ್ಕಾರ ಬೇಗ ಬಂತು, ಸಮಸ್ಯೆ ಬಂತು, ಆರ್ಥಿಕ ಪರಿಸ್ಥಿತಿ ಬಂತು, ಚಮಚ ಬರಲಿಲ್ಲ. ಇದನ್ನು ನನ್ನಾಕೆಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ಹೇಳಿದಳು: “ನಮ್ಮನೇಲಿ ಉಪ್ಪು ಅನ್ನೋ ಮಾತು ದಿನಕ್ಕೆ ಎಷ್ಟು ಸಲ ಬರತ್ತೆ ಹೇಳಿ? ಹಾಕೋದು ಮರೆತ ದಿನ ಮಾತ್ರ. ಪಟ್ಟಿ ಮಾಡಿದೋರು ಅಡಿಗೆಮನೆಗೆ ಬಂದಿರಲಿಲ್ಲ ಅಂತ ಕಾಣತ್ತೆ.” ಲೆಕ್ಕಪತ್ರದ ಕಚೇರಿಯಲ್ಲಿ ಇಂಥ ಆಕ್ಷೇಪಣೆಗೆ ಉತ್ತರ ಬರೆಯಲು ಮೂರು ತಿಂಗಳ ಗಡುವು ಕೇಳುತ್ತಿದ್ದೆವು.

ಇಷ್ಟಾದರೂ ಕಲಿಕೆ ಸಂತೋಷವನ್ನೇ ಕೊಟ್ಟಿತು. ಕನ್ನಡಿಗನಿಗೆ ಜಪಾನಿಯ ಪದಗಳು ಪರಕೀಯ, ನಡಿಗೆ ಮಾತ್ರ ಮನೆಯದು. ಕ್ರಿಯಾಪದ ನಮ್ಮಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ. ‘ತಾಬೆತೆ ಮಿರು’ ಎಂಬುದಕ್ಕೆ ಶಬ್ದಕ್ಕೆ ಶಬ್ದ ಇಟ್ಟರೆ ‘ತಿಂದು ನೋಡು’ ಎಂಬ ಅಚ್ಚಗನ್ನಡ ಬರುತ್ತದೆ. ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧವೆಂದು ಇಂಗ್ಲಿಷಿನವನು ತಲೆ ಕೆರೆದುಕೊಳ್ಳಲಿ. ಮನೆಯಿಂದ ಹೊರಡುವಾಗ ಅವರೂ ನಮ್ಮ ಹಾಗೆ ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಇತ್ತೆ ಕಿಮಾಸ್’ ಅಂದರೆ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಒಳಗಿದ್ದವರು ‘ಇತ್ತೆ ರಶ್ಶಾಯ್’ ಅಂದರೆ ‘ಹೋಗಿ ಬನ್ನಿ’ ಎಂದು ಕಳಿಸುತ್ತಾರೆ. ಆದರೆ ಇದು ಮನೆಯವರಿಗೆ ಹೇಳುವ ಮಾತು. ಬಂದುಹೋಗುವ ಅತಿಥಿಗೆ ‘ಹುಷಾರಾಗಿ ಹೋಗಿ’ ಎಂಬ ಬೇರೆ ಮಾತಿದೆ ಎಂದು ಸೊಸೆ ವಿವರಿಸಿದಳು. ಜಪಾನಿಗೂ ತಮಿಳಿಗೂ ನಂಟಿದೆಯೆಂದು ಓನೊ ಸುಸುಮು ಎಂಬ ಅಲ್ಲಿನ ವಿದ್ವಾಂಸರು ಬಹಳ ವರ್ಷ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಒಪ್ಪಿದವರು ಕಡಿಮೆ. ನಾನೂ ವಾದಕ್ಕೆ ಇಳಿಯುವುದಿಲ್ಲ. ಆದರೆ ಪಟ್ಟಿಯ ತುದಿಯಲ್ಲಿಯೇ ‘ಇರು’ ಎಂಬ ಪದವನ್ನು ಕಂಡು, ಅದಕ್ಕೆ ‘ಇರು’ ಎಂದೇ ಅರ್ಥವೆಂದು ತಿಳಿದಾಗ, ಅದು ಬರಿಯ ಆಕಸ್ಮಿಕವೆಂದು ಗೊತ್ತಿದ್ದೂ, ದೂರದೂರಿನ ರೈಲ್ವೆ ನಿಲ್ದಾಣದಲ್ಲಿ ನಮ್ಮ ಕೇರಿಯವರು ಸಿಕ್ಕಂತಾಯಿತು.

ಆ ‘ಇರು’ವಿನ ಪಕ್ಕದಲ್ಲಿಯೇ ‘ಅರು’ ಇದೆ. ಅದಕ್ಕೂ ‘ಇರು’ ಎಂದೇ ಅರ್ಥ. ಒಂದು ದಿನ ನಮ್ಮ ಕಾಂಪೌಂಡಿನ ಗೋಡೆಯ ಮೇಲೆ ಕುಳಿತ ಬೆಕ್ಕನ್ನು ಫೋನಿನಲ್ಲಿ ತೋರಿಸಿ, ಮೊಮ್ಮಗಳಿಗೆ ‘ನೆಕೊ ಅರಿಮಾಸ್’, ಬೆಕ್ಕು ಇದೆ, ಎಂದೆ. ಅವಳಿಗೆ ಸಿಟ್ಟು ಬಂತು. “ಅರಿಮಾಸ್ ಅಲ್ಲ ತಾತ, ಇಮಾಸ್!” ಜೀವವಿದ್ದದ್ದಕ್ಕೆ ‘ಇರು’, ಇಲ್ಲದ್ದಕ್ಕೆ ‘ಅರು’. ತೊಟ್ಟಿಯಲ್ಲಿ ಈಜುವ ಮೀನಿಗೆ ಒಂದು, ಅಂಗಡಿಯ ತಟ್ಟೆಯಲ್ಲಿರುವ ಮೀನಿಗೆ ಇನ್ನೊಂದು. ಮರಗಳನ್ನು ಮಾತ್ರ ಜೀವವಿಲ್ಲದವುಗಳ ಜೊತೆ ಸೇರಿಸಿದ್ದಾರೆ. ಜಗದೀಶಚಂದ್ರ ಬೋಸರು ಕೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ನನ್ನ ಚೀಟಿಗಳಲ್ಲಿ ಎರಡರ ಹಿಂದೆಯೂ ‘ಇರು’ ಎಂದಷ್ಟೇ ಬರೆದಿತ್ತು.

‘ಅನಾತ’ ಎಂಬ ಪದದ ಚೀಟಿಯ ಮೇಲೆ ‘ನೀವು’ ಎಂದಿತ್ತು. ಬೀಗಿತ್ತಿಯವರೊಡನೆ ಮೊದಲ ಸಲ ನಾನೇ ಜಪಾನಿಯಲ್ಲಿ ಮಾತಾಡಿದ ದಿನ, ಬಹಳ ಮರ್ಯಾದೆಯಿಂದ, ‘ಅನಾತ, ಚೆನ್ನಾಗಿದ್ದೀರಾ?’ ಎಂದು ವಿಚಾರಿಸಿದೆ. ಪರದೆಯಲ್ಲಿ ಕ್ಷಣಕಾಲ ಮೌನ. ಆಮೇಲೆ ಅವರ ಹಿಂದಿನಿಂದ ಬೀಗರು ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. ಹಿರಿಯರನ್ನು ಹಾಗೆ ಕರೆಯುವ ಪದ್ಧತಿ ಅಲ್ಲಿಲ್ಲ; ಅದರಲ್ಲೂ ಹೆಂಡತಿ ಗಂಡನನ್ನು ಕರೆಯುವ ಮಾತು ಅದು, ನಮ್ಮ ‘ರೀ’ ಇದ್ದಂತೆ. ನಾನು ಬೀಗಿತ್ತಿಯವರನ್ನು ‘ರೀ’ ಎಂದಿದ್ದೆ! ಅಂದಿನಿಂದ ಬೀಗರು ನನ್ನನ್ನು ಕಂಡಾಗಲೆಲ್ಲ ‘ಅನಾತ!’ ಎಂದು ಕೂಗಿ ನಗುವರು. ಇಬ್ಬರು ಮುದುಕರು ಸ್ನೇಹಿತರಾದದ್ದು ಹೀಗೆ. ಹಿತ್ತಲಿನ ಕಾಕಿ ಹಣ್ಣಿನ ಮರವನ್ನು ಫೋನಿನಲ್ಲಿ ತೋರಿಸುವರು. ನಾನು ನಮ್ಮ ಕರಿಬೇವಿನ ಗಿಡವನ್ನು ತೋರಿಸುವೆನು.

ಮೇ ತಿಂಗಳಲ್ಲಿ, ಪಟ್ಟಿ ಮುಗಿಸಿದ ಹುರುಪಿನಲ್ಲಿ, ಮಗನ ಸಹಾಯವಿಲ್ಲದೆ ನಾವಿಬ್ಬರೇ ಮಾತಾಡಿದೆವು. ದಸರೆಗೆ ಮೈಸೂರಿಗೆ ಬರಬೇಕೆಂದು ನಾನು ಕರೆದೆ. ಅವರು ನಕ್ಕು, ‘ಕರದ ಗ, ಚೊತ್ತೊ...’ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅದರ ಪ್ರತಿಯೊಂದು ಪದವೂ ತಿಳಿದಿತ್ತು. ‘ಕರದ’ ಎಂದರೆ ಮೈ; ‘ಗ’ ಪ್ರತ್ಯಯ; ‘ಚೊತ್ತೊ’ ಎಂದರೆ ಸ್ವಲ್ಪ. ಮೈಯಲ್ಲಿ ಸ್ವಲ್ಪ ಸ್ವಸ್ಥವಿಲ್ಲ. ಸರಿ, ನೆಗಡಿಯಿರಬೇಕು. ‘ಅಕ್ಟೋಬರ್ ದೂರವಿದೆ, ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಪೂರ್ಣ ವಾಕ್ಯವನ್ನೇ ಕಟ್ಟಿ ಹೇಳಿದೆ. ಅವರು ‘ಹಾಯ್, ಹಾಯ್’ ಎಂದರು. ಪಟ್ಟಿಯ ಪ್ರಕಾರ ಅದಕ್ಕೆ ‘ಹೌದು’ ಎಂದು ಅರ್ಥ. ಫೋನ್ ಇಟ್ಟ ಮೇಲೆ ಹೆಂಡತಿಯೆದುರು ಬೀಗಿದ್ದೂ ಉಂಟು: ನೂರಕ್ಕೆ ನೂರು ಅರ್ಥವಾಯಿತು ನೋಡು.

ಜಪಾನಿಯ ‘ಚೊತ್ತೊ’ ಅಳತೆಯ ಮಾತಲ್ಲ. ಬಾಯಿ ಬಿಟ್ಟು ಹೇಳಲಾಗದ್ದರ ಮೇಲೆ ಹೊದಿಸುವ ಬಟ್ಟೆ. ಕೇಳಿದ್ದನ್ನು ಕೊಡಲಾಗದಿದ್ದರೆ ‘ಅದು ಚೊತ್ತೊ...’ ಎಂದು ನಿಲ್ಲಿಸುತ್ತಾರೆ. ಮಿಕ್ಕದ್ದನ್ನು ಕೇಳಿದವನೇ ತುಂಬಿಕೊಳ್ಳಬೇಕು. ನಾನು ಏನನ್ನೂ ತುಂಬಿಕೊಳ್ಳಲಿಲ್ಲ. ಅವರಿಗಿದ್ದದ್ದು ನೆಗಡಿಯಲ್ಲ. ಆ ಹೊತ್ತಿಗೆ ಅದನ್ನು ಮಗಳಿಗೂ ಅಳಿಯನಿಗೂ ಪೂರ್ತಿ ಹೇಳಿರಲಿಲ್ಲ. ಅಷ್ಟು ದೂರದ ನನ್ನೆದುರಿಗೆ, ಬಹುಶಃ ದೂರದವನೆಂಬ ಕಾರಣಕ್ಕೇ, ಅರ್ಧ ವಾಕ್ಯ ಹೇಳಿದ್ದರು. ಜನವರಿಯಲ್ಲಿ ತೀರಿಕೊಂಡರು.

ಅಂದಿನಿಂದ ‘ಸಾಕು’ ಎಂಬ ಮಾತಿನ ಮೇಲೆ ನನಗೆ ಅನುಮಾನ ಬಂದುಬಿಟ್ಟಿದೆ. ಸಾವಿರ ಪದ ಸಾಕು ಎಂದರೆ ಯಾತಕ್ಕೆ ಸಾಕು? ರೈಲು ಹತ್ತುವುದಕ್ಕೆ, ಬೆಲೆ ಕೇಳುವುದಕ್ಕೆ, ಸರಕು ಮಾರುವುದಕ್ಕೆ ಧಾರಾಳವಾಗಿ ಸಾಕು. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಎಣಿಕೆ ಎಲ್ಲರ ಮಾತನ್ನೂ ಒಟ್ಟುಗೂಡಿಸಿ ಮಾಡಿದ್ದು. ಎದುರಿಗಿರುವ ಒಬ್ಬ ಮನುಷ್ಯ ಎಲ್ಲರ ಮೊತ್ತವಲ್ಲ. ಅವನ ವಿಷಯದಲ್ಲಿ ‘ಇಷ್ಟು ತಿಳಿದರೆ ಸಾಕು’ ಎಂದು ಹೊರಡುವುದು, ‘ಇನ್ನುಳಿದದ್ದು ತಿಳಿಯದಿದ್ದರೂ ನಡೆಯುತ್ತದೆ’ ಎಂದು ಮೊದಲೇ ಒಪ್ಪಿಕೊಂಡಂತೆ. ನನಗೆ ಹಾಗೆ ಒಪ್ಪಿಕೊಳ್ಳುವ ಅಧಿಕಾರವನ್ನು ಕೊಟ್ಟವರಾರು?

ಪಟ್ಟಿಯನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದು ನ್ಯಾಯವಲ್ಲ. ಬೀಗರು ಹೇಳಿದ ಪದಗಳೆಲ್ಲ ಪಟ್ಟಿಯಲ್ಲಿದ್ದವು. ಇನ್ನೂ ಹತ್ತು ಸಾವಿರ ಪದ ಕಲಿತಿದ್ದರೂ ಆ ಮೂರರ ವಿಷಯದಲ್ಲಿ ನನಗೆ ಹೆಚ್ಚೇನೂ ಲಾಭವಾಗುತ್ತಿರಲಿಲ್ಲ. ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ಕನ್ನಡದಲ್ಲಿಯೂ ನಾನು ಇಂಥ ಪಟ್ಟಿಯ ಮೇಲೆಯೇ ಬದುಕಿದವನು. ಕಚೇರಿಯಲ್ಲಿ ಪಕ್ಕದ ಮೇಜಿನವರು ಬೆಳಗ್ಗೆ ‘ಹೇಗಿದ್ದೀರಿ’ ಎಂದರೆ ‘ಹೀಗಿದ್ದೀನಿ’ ಎನ್ನುತ್ತಿದ್ದರು. ಹನ್ನೊಂದು ವರ್ಷ ‘ಹೀಗೆ’ ಎಂದರೆ ಹೇಗೆ ಎಂದು ನಾನು ಕೇಳಲಿಲ್ಲ. ಅವರ ಮನೆಯ ತಾಪತ್ರಯ ತಿಳಿದದ್ದು ನಿವೃತ್ತಿಯ ಸಭೆಯಲ್ಲಿ ಬೇರೆ ಯಾರೋ ಭಾಷಣ ಮಾಡಿದಾಗ. ‘ಸ್ವಲ್ಪ’ ಎಂಬ ಮಾತನ್ನು ನಮ್ಮ ಬೆಂಗಳೂರಿನವರಷ್ಟು ಉದಾರವಾಗಿ ಬಳಸುವವರು ಯಾರಿದ್ದಾರೆ? ಯಾರಾದರೂ ‘ಸ್ವಲ್ಪ ಕಷ್ಟ’ ಎಂದಾಗ ಎಷ್ಟು ಸ್ವಲ್ಪ ಎಂದು ಧ್ವನಿಯಿಂದ ಅಳೆಯಬಲ್ಲ ಕಿವಿ ನನಗೆ ಇದ್ದೇ ಇದೆ. ಅದನ್ನು ಉಪಯೋಗಿಸಿದರೆ ಮುಂದೆ ಶ್ರಮವಿದೆ ಎಂಬುದೂ ಗೊತ್ತಿದೆ.

ಸಾವಿನ ಸುದ್ದಿ ಬಂದಾಗ ಬೀಗಿತ್ತಿಯವರೊಡನೆ ಮಾತಾಡಲೇಬೇಕಾಯಿತು. ಸಂತಾಪಕ್ಕೆ ಅವರಲ್ಲಿ ‘ಗೊಶೂಶೋಸಮ’ ಎಂಬ ಪದ ಉಂಟು. ಸಾವಾದಾಗ ಮಾತ್ರ ಆಡುವ ಪದ. ನನ್ನ ಸಾವಿರದಲ್ಲಿ ಅದು ಇರಲಿಲ್ಲ. ಸರ್ಕಾರ ಇತ್ತು, ಸಮಸ್ಯೆ ಇತ್ತು. ಕೊನೆಗೆ ಬಾಯಿಗೆ ಬಂದದ್ದು ‘ಸುಮಿಮಾಸೆನ್’. ಹೋಟೆಲಿನಲ್ಲಿ ಮಾಣಿಯನ್ನು ಕೂಗುವಾಗ, ರೈಲಿನಲ್ಲಿ ಕಾಲು ತಾಗಿದಾಗ, ಬಿದ್ದ ಕೊಡೆಯನ್ನು ಯಾರೋ ಎತ್ತಿಕೊಟ್ಟಾಗ ದಿನಕ್ಕೆ ಐವತ್ತು ಸಲ ಹೇಳುವ ಮಾತು. ಹೇಳಿದ ಮರುಕ್ಷಣ ನಾಚಿಕೆಯಾಯಿತು. ಅವರು ‘ಇಯೆ, ಇಯೆ’ ಎಂದರು. ಇಲ್ಲ, ಇಲ್ಲ.

ಸವೆದ ನಾಣ್ಯದಂಥ ಈ ಮಾತಿನಿಂದ ಒಂದು ದೊಡ್ಡ ಋಣವನ್ನು ಸಲ್ಲಿಸಬಹುದೆ? ಬಹಳ ದಿನ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ‘ಸುಮು’ ಎಂದರೆ ಮುಗಿಯುವುದು, ತೀರುವುದು. ‘ಸುಮಿಮಾಸೆನ್’ ಎಂದರೆ ತೀರಲಿಲ್ಲ ಎಂದು. ರೂತ್ ಬೆನೆಡಿಕ್ಟ್ ಎಂಬ ಅಮೆರಿಕದ ವಿದುಷಿ ಜಪಾನಿಗೆ ಕಾಲಿಡದೆಯೇ ಆ ಜನರ ವಿಷಯವಾಗಿ ಬರೆದ ಗ್ರಂಥ 1946ರಲ್ಲಿ ಪ್ರಕಟವಾಯಿತು. ಅದರಲ್ಲಿ ಋಣದ ಚರ್ಚೆ ಮಾಡುವಾಗ ಈ ಪದವನ್ನು ಬಿಡಿಸಿ ತೋರಿಸಿದ್ದಾಳೆ. ‘ಅರಿಗಾತೊ’ ಎಂಬ ಅವರ ಕೃತಜ್ಞತೆಯ ಮಾತು ಇನ್ನೂ ಸೋಜಿಗದ್ದು. ಅದರ ಮೂಲಾರ್ಥ ‘ಇರುವುದು ಕಷ್ಟ’, ನಮ್ಮ ಮಾತಿನಲ್ಲಿ ದುರ್ಲಭ. ದುರ್ಲಭವೆಂಬ ಅರ್ಥದ ಪದವನ್ನೇ ಆ ಜನ ಮನೆಮನೆಯಲ್ಲಿ, ಅಂಗಡಿ ಅಂಗಡಿಯಲ್ಲಿ ಸುಲಭ ಮಾಡಿಟ್ಟಿದ್ದಾರೆ. ಹೇಳುವವರಿಗೆ ಮೂಲಾರ್ಥದ ನೆನಪಿರುವುದಿಲ್ಲವೆಂಬುದು ನಿಜ. ‘ಹೋಗಿ ಬರ್ತೀನಿ’ ಎನ್ನುವಾಗ ನಮಗೂ ಇರುವುದಿಲ್ಲ. ಆದರೂ ಯಾರಾದರೊಬ್ಬರು ಮರಳಿ ಬಾರದ ದಿನ ಆ ಮಾತಿನೊಳಗಿದ್ದ ‘ಬರ್ತೀನಿ’ ಎದ್ದು ನಿಲ್ಲುತ್ತದೆ. ಪದ ಸವೆದಿದೆಯೇ ಹೊರತು ಖಾಲಿಯಾಗಿಲ್ಲ. ನನ್ನ ‘ಸುಮಿಮಾಸೆನ್’ ಬೀಗಿತ್ತಿಯವರಿಗೆ ಹೇಗೆ ಕೇಳಿಸಿತೆಂದು ನಾನು ವಿಚಾರಿಸಿಲ್ಲ.

ಆಗಸ್ಟ್ ನಡುವಿನಲ್ಲಿ ಅಲ್ಲಿ ಒಬೊನ್ ಹಬ್ಬ. ನಮ್ಮ ಪಿತೃಪಕ್ಷದ ಬಂಧು. ಹೆಸರೂ ಸಂಸ್ಕೃತದ ‘ಉಲ್ಲಂಬನ’ದಿಂದ ಬಂದದ್ದೆಂದು ಹಳೆಯ ವಿವರಣೆ. ಸತ್ತವರು ಆ ನಾಲ್ಕು ದಿನ ಮನೆಗೆ ಬರುತ್ತಾರೆ. ಬೀಗರು ಹೋದ ಮೇಲೆ ಅದು ಮೊದಲನೆಯ ಒಬೊನ್. ನಾವಿಬ್ಬರೂ ಹೋದೆವು. ಸಂತಾಪದ ಆ ಪದವನ್ನು ವಿಮಾನದಲ್ಲಿ ಉರುಹೊಡೆದಿದ್ದೆ. ನಿಲ್ದಾಣಕ್ಕೆ ಬಂದಿದ್ದ ಮಗ ಕೇಳಿ, “ಅದು ಈಗ ಹೇಳೋದಲ್ಲಪ್ಪ, ಆಗಲೇ ಹೇಳೋದು” ಎಂದ. ಪದ ಸಿಕ್ಕಿತ್ತು, ಅದರ ಹೊತ್ತು ಕಳೆದಿತ್ತು.

ಮನೆಯೊಳಗೆ ಮರದ ಪುಟ್ಟ ಗುಡಿಯಂಥ ಪೀಠ, ಕಾಗದದ ದೀಪಗಳು, ಹಣ್ಣು, ಬೀಗರ ಭಾವಚಿತ್ರ. ಬೀಗಿತ್ತಿಯವರು ಊದುಬತ್ತಿ ಹಚ್ಚಿ, ಸಣ್ಣ ಘಂಟೆಯನ್ನು ಒಮ್ಮೆ ಬಾರಿಸಿ, ‘ಅನಾತ’ ಎಂದರು. ಮುಂದಿನದು ನನಗೆ ತಿಳಿಯಲಿಲ್ಲ. ಇಂಡಿಯಾ ಎಂಬುದೂ ‘ಬಂದರು’ ಎಂಬುದೂ ಕಿವಿಗೆ ಬಿತ್ತು. ನಾನು ಎತ್ತ ನೋಡಬೇಕೆಂದು ತೋಚದೆ ಹಿತ್ತಲ ಕಡೆ ನೋಡಿದೆ. ಮರದಲ್ಲಿ ಕಾಯಿಗಳು ಇನ್ನೂ ಹಸುರಾಗಿದ್ದವು. ಅವರನ್ನು ಅಲ್ಲಿ ಹುಡುಕುತ್ತಿದ್ದೇನೆಂದು ಆಕೆಗೆ ಅನ್ನಿಸಿತೋ ಏನೋ, ಭಾವಚಿತ್ರದ ಕಡೆ ಅಂಗೈ ತೋರಿಸಿ ಮೆಲ್ಲಗೆ ‘ಇಮಾಸ್’ ಎಂದರು.

ಅರಿಮಾಸ್ ಅಲ್ಲ.

ನಾಲ್ಕನೆಯ ದಿನ ಹೊರಟೆವು. ನನ್ನಾಕೆ ಒಂದೂ ಜಪಾನಿ ಪದ ಕಲಿತವಳಲ್ಲ. ಬಾಗಿಲಲ್ಲಿ ಬೀಗಿತ್ತಿಯವರ ಎರಡು ಕೈಯನ್ನೂ ಹಿಡಿದುಕೊಂಡು, “ಹೋಗಿ ಬರ್ತೀವಿ ಕಣ್ರೀ” ಎಂದಳು. ಆಕೆ ತಲೆಬಾಗಿ, ‘ಇತ್ತೆ ರಶ್ಶಾಯ್’ ಎಂದರು. ಕಾರು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು.

“ಏನಂದ್ರು?” ಎಂದು ಕೇಳಿದಳು ನನ್ನಾಕೆ.

“ಹೋಗಿ ಬನ್ನಿ ಅಂದ್ರು.”

“ಅದು ನಿಮ್ಮ ಪಟ್ಟೀಲಿ ಎಷ್ಟನೇದು?”

ಪಟ್ಟಿಯಲ್ಲಿ ‘ಹೋಗು’ ಬೇರೆ, ‘ಬಾ’ ಬೇರೆ.